ಖಾಲಿ ತೂಗಿದ ತೊಟ್ಟಿಲು

ಬಮ್ಮಿಗಟ್ಟಿಯ ಈರಪ್ಪನ ವಿಷಯ ಹೇಳಲೇಬೇಕು. ಯಾಕೆಂದರೆ ಆ ಊರಿನ ಕೆಳಗಿನ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ, ಯಾವ ಜಾತಿಯವೇ ಇರಲಿ, ಮಲಗಿದ್ದು ಅವನು ಕಟ್ಟಿದ ತೊಟ್ಟಿಲಲ್ಲಿ. ಈಗ ಆ ತೊಟ್ಟಿಲಲ್ಲಿ ಯಾವ ಕೂಸೂ ಮಲಗುವುದಿಲ್ಲ. ಎರಡೂ ಅವನ ಕೈಯಿಂದಲೇ ಆದದ್ದು. ಇಂಥ ಮನುಷ್ಯನನ್ನು ಮರೆಯಬಾರದು.

ತೊಟ್ಟಿಲು ಕಲಘಟಗಿಯದು. ಈರಪ್ಪನ ಅಜ್ಜನ ಕಾಲದಲ್ಲಿ ಓಣಿಯವರೆಲ್ಲ ಕೂಡಿ ಮಾಡಿಸಿದ್ದು. ಸಾಗವಾನಿ ಕಟ್ಟಿಗೆ, ಮೇಲೆ ಅರಗಿನ ಬಣ್ಣ, ಕೇದಿಗೆ ಎಲೆಯಿಂದ ತಿಕ್ಕಿ ತಿಕ್ಕಿ ತರಿಸಿದ ಹೊಳಪು. ನಾಲ್ಕೂ ಮಗ್ಗುಲಿಗೆ ಗಿಳಿ, ಬಳ್ಳಿ, ಆನೆ. ಎಷ್ಟು ಕೂಸುಗಳು ಉಚ್ಚೆ ಹೊಯ್ದರೂ ಬಣ್ಣ ಬಿಟ್ಟಿಲ್ಲ. ಅದು ಯಾರ ಮನೆಯದೂ ಅಲ್ಲ. ಯಾರ ಮನೆಯಲ್ಲಿ ಕೂಸಿದೆಯೋ ಆ ಮನೆಯಲ್ಲಿ ಅದು ಇರುತ್ತಿತ್ತು. ಒಮ್ಮೆಗೇ ಎರಡು ಮನೆಯಲ್ಲಿ ಕೂಸಾದರೆ ಮೊದಲು ಹುಟ್ಟಿದ್ದಕ್ಕೆ ತೊಟ್ಟಿಲು. ಎರಡನೆಯದು ಸೀರೆಯ ಜೋಳಿಗೆಯಲ್ಲಿ ತೂಗಿಕೊಂಡು ತನ್ನ ಪಾಳಿ ಕಾಯಬೇಕು.

ಕೂಸು ಅಂಬೆಗಾಲಿಡುವ ಹೊತ್ತಿಗೆ ತೊಟ್ಟಿಲು ಬಿಚ್ಚಿ ಈರಪ್ಪನ ಮನೆಯ ಅಟ್ಟಕ್ಕೆ ತರುತ್ತಿದ್ದರು. ಹಗ್ಗ ಬೇರೆ, ತೊಟ್ಟಿಲು ಬೇರೆ. ತೊಟ್ಟಿಲನ್ನು ಬೋರಲು ಹಾಕಿ ಇಡುವುದು ಪದ್ಧತಿ. ಖಾಲಿ ತೊಟ್ಟಿಲು ತೂಗಬಾರದು. ತೂಗಿದರೆ ಮುಂದೆ ಅದರಲ್ಲಿ ಮಲಗುವ ಕೂಸಿಗೆ ಒಳ್ಳೆಯದಲ್ಲ. ಇದನ್ನು ಯಾರೂ ಕೂತು ಕಲಿಸಿದ್ದಲ್ಲ. ಆ ಓಣಿಯಲ್ಲಿ ಆಗ ತಾನೇ ನಡೆಯಲು ಕಲಿತ ಮಗುವಿಗೂ ಗೊತ್ತು. ಖಾಲಿ ತೊಟ್ಟಿಲಿಗೆ ಕೈ ಹಾಕಿದರೆ ಅಜ್ಜಿಯರು ಕೈ ಮೇಲೇ ಹೊಡೆಯುತ್ತಿದ್ದರು.

ಈರಪ್ಪನಿಗೆ ಸ್ವಲ್ಪ ಹೊಲ, ಗೋವಿನಜೋಳ, ಒಂದು ಎಮ್ಮೆ. ಮಾತು ಕಡಿಮೆ. ಸಭೆಯಲ್ಲಿ ಹಿಂದೆ ಕೂಡುವವನು. ಆದರೆ ಯಾರ ಮನೆಯಲ್ಲಾದರೂ ತೊಟ್ಟಿಲು ಕಟ್ಟುವ ದಿನ ಬಂದರೆ ಅವನೇ ಮುಂದೆ. ತೊಟ್ಟಿಲನ್ನು ಬೋರಲಾಗಿ ತಲೆ ಮೇಲೆ ಹೊತ್ತು ಓಣಿಯಲ್ಲಿ ನಡೆದು ಬರುತ್ತಿದ್ದ. ಜಂತಿಗೆ ಹಗ್ಗ ಹಾಕಿ, ಗಂಟು ಬಿಗಿದು, ತಾನೇ ಆ ಹಗ್ಗಕ್ಕೆ ಜೋತು ಬೀಳುತ್ತಿದ್ದ. ಹಗ್ಗ ತನ್ನನ್ನು ತಡೆದರೆ ಕೂಸನ್ನು ತಡೆಯುತ್ತದೆ ಎಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಆಮೇಲೆ ತೊಟ್ಟಿಲು ಕಟ್ಟಿದ ಕೂಡಲೇ ಒಳಗೆ ಗುಂಡಕಲ್ಲು ಇಡುವುದು. ಅಡಿಗೆಮನೆಯ ಖಾರ ಅರೆಯುವ ಕಲ್ಲು. ಕೂಸಿನ ತಲೆಗೆ ಹಾಕುವ ಕುಂಚಿಗೆಯನ್ನು ಅದಕ್ಕೆ ಹಾಕಿ ಕೂಸಿನ ಹಾಗೆ ಮಲಗಿಸಬೇಕು. ಒಂದು ಕೈಯಿಂದ ಕಲ್ಲು ತೆಗೆಯುವಾಗ ಇನ್ನೊಂದು ಕೈಯಿಂದ ಕೂಸು ಒಳಗೆ ಬರಬೇಕು. ಹೀಗೆ ತೊಟ್ಟಿಲು ಒಂದು ಗಳಿಗೆಯೂ ಖಾಲಿ ಇರುವುದಿಲ್ಲ.

ಎದುರುಮನೆ ಮಹಬೂಬಸಾಬರದು. ಅವರ ಮಗ ಜಾಕೀರನಿಗೆ ಮೊದಲ ಮಗಳು ಹುಟ್ಟಿದಾಗ ಈರಪ್ಪ ಹೀಗೇ ಹಗ್ಗಕ್ಕೆ ಜೋತುಬಿದ್ದಿದ್ದ. ಮಹಬೂಬಸಾಬರ ಹೆಂಡತಿ ಹಲೀಮಾಬಿ ಕೆಳಗೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು.

"ಏ ಈರಣ್ಣಾ, ಸಾಕು ಇಳಿಯೋ ಮಾರಾಯಾ. ನನ್ನ ಮನಿ ಜಂತಿ ಮುರದ್ರ ಕೂಸಿನ ಬದ್ಲಿ ನಿನ್ನ ತೂಗಬೇಕಾದೀತು."

"ನಿಮ್ಮ ಜಂತಿ ಗಟ್ಟಿ ಐತಿ ಹಲೀಮಾಕ್ಕ. ನಿಮ್ಮ ಬಾಯಿಕ್ಕಿಂತ ಒಂದೀಟು ಕಡಿಮಿ."

"ಅಯ್ಯ, ಮೂಕಗ ಮಾತು ಬಂತು ನೋಡ್ರೇ! ತೊಟ್ಟಿಲಾ ಕಟ್ಟೋ ದಿನಾ ಅಷ್ಟ ಇಂವಗ ನಾಲಿಗಿ ಇರತೈತಿ."

ಅದು ನಿಜ. ಆ ದಿನಗಳಲ್ಲಿ ಮಾತ್ರ ಅವನು ನಗುತ್ತಿದ್ದ.

ಆಮೇಲೆ ಓಣಿಯಲ್ಲಿ ಹನಮಂತಪ್ಪನ ಮನೆಗೆ ಹುಬ್ಬಳ್ಳಿಯಿಂದ ಸ್ಟೀಲಿನ ತೊಟ್ಟಿಲು ಬಂತು. ಸ್ವಿಚ್ ಒತ್ತಿದರೆ ತಾನೇ ತೂಗುತ್ತದೆ, ಹಾಡೂ ಹಾಡುತ್ತದೆ. ಈರಪ್ಪ ನೋಡಲು ಹೋಗಿದ್ದ.

"ನೋಡು ಈರಪ್ಪ, ಹಗ್ಗಿಲ್ಲ, ಗಂಟಿಲ್ಲ, ನಿನಗೂ ದಣಿವಿಲ್ಲ" ಎಂದ ಹನಮಂತಪ್ಪ.

ಈರಪ್ಪ "ಚೊಲೋ ಐತಿ" ಎಂದು ಬಂದ. ಮನೆಗೆ ಬಂದು ಅಟ್ಟದ ಮೇಲೆ ಬೋರಲು ಬಿದ್ದಿದ್ದ ತೊಟ್ಟಿಲಿನ ಧೂಳು ಒರೆಸಿದ. ಎರಡನೆಯ ಮನೆಗೂ ಸ್ಟೀಲಿನದು ಬಂದಾಗ ಅವನು ನೋಡಲು ಹೋಗಲಿಲ್ಲ.

ಹೀಗಿರುವಾಗ ಧಾರವಾಡದಿಂದ ರೋಹಿಣಿ ಎಂಬ ಹುಡುಗಿ ಬಂದಳು. ಹಳ್ಳಿಗಳಲ್ಲಿ ಉಳಿದ ಕೈಕೆಲಸ, ರೀತಿ ರಿವಾಜು ಎಲ್ಲವನ್ನೂ ಚಿತ್ರ ತೆಗೆದು ಬರೆದಿಡುವುದು ಅವಳ ಕೆಲಸ. ನವಲಗುಂದದ ಜಮಖಾನೆ ನೋಡಿ ಬರೆದಿದ್ದಳು. ಬರೆದದ್ದನ್ನು ಓದಿ ಜನ ಊರು ನೋಡಲು ಬರಬೇಕು, ಆದರೆ ಸಂತೆಗೆ ನುಗ್ಗಿದ ಹಾಗೆ ಬರಬಾರದು, ನೆಂಟರ ಮನೆಗೆ ಬಂದ ಹಾಗೆ ಬರಬೇಕು ಎನ್ನುವುದು ಅವಳ ಆಸೆ. ಅವಳ ಜೊತೆ ಲಿಗಾಯಾ ಎಂಬ ಫಿಲಿಪೈನ್ಸ್ ದೇಶದ ಹೆಣ್ಣುಮಗಳು. ತನ್ನ ದ್ವೀಪದ ಊರುಗಳಲ್ಲಿ ಅವಳು ಮಾಡುವುದೂ ಇದೇ ಕೆಲಸ. ಇಲ್ಲಿ ಹೇಗೆ ಮಾಡುತ್ತಾರೆ ನೋಡಲು ಬಂದಿದ್ದಳು.

ಈರಪ್ಪನ ಹೆಂಡತಿ ಶಿವಗಂಗವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿಂದ ಬಂದಾಳವಾ ಈಕಿ?"

"ಫಿಲಿಪೈನ್ಸ್‌ನಿಂದ ಕಾಕೂ. ಸಮುದ್ರದ ಆಚೀಗೆ" ಎಂದಳು ರೋಹಿಣಿ.

"ಕಾರವಾರದ ಆಚೀಗೇನು?"

"ಅದಕ್ಕಿಂತ ಬಾಳ ದೂರ, ಆ ಕಡೆ ಅಲ್ಲ, ಈ ಕಡೆ."

"ಯಾವ ಕಡೆನರ ಇರಲಿ. ಉಂಡಾಳೋ ಇಲ್ಲೋ ಕೇಳು."

ಲಿಗಾಯಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ನೋಡಿದಳು. ರೊಟ್ಟಿ ಹರಿದು ಕೈಗೆ ಬಂತು. ಶಿವಗಂಗವ್ವ ಬಿದ್ದು ಬಿದ್ದು ನಕ್ಕಳು. ಅವಳೂ ನಕ್ಕಳು. ಆ ಹರಿದ ರೊಟ್ಟಿಯನ್ನೇ ತಿಂದಳು.

ರೋಹಿಣಿ ಈರಪ್ಪನನ್ನು ಕೇಳಿದಳು: "ಕಾಕಾ, ನೋಡಾಕ ಬಂದವರು ಏನ್ ಮಾಡಬೇಕು, ಏನ್ ಮಾಡಬಾರದು, ಎಲ್ಲಾ ನೀವ ಹೇಳ್ರಿ. ನೀವು ಹೇಳಿದಂಗ ಬರೀತೇನಿ."

ಅವನು ಹೇಳಿದ. ಚಪ್ಪಲಿ ಹೊರಗೆ ಬಿಡಬೇಕು. ಹಸಿ ಕೈಯಲ್ಲಿ ಬಣ್ಣ ಮುಟ್ಟಬಾರದು. ಬಾಣಂತಿ ಇರುವ ಮನೆಗೆ ಕೇಳದೆ ಹೋಗಬಾರದು. ಉಣ್ಣುವ ಹೊತ್ತಿಗೆ ಬಂದರೆ ಉಂಡೇ ಹೋಗಬೇಕು. ರೋಹಿಣಿ ಎಲ್ಲಕ್ಕೂ ತಲೆದೂಗಿದಳು. ತನ್ನ ಮಾತಿಗೆ ಯಾರಾದರೂ ಇಷ್ಟು ಹೊತ್ತು ತಲೆದೂಗಿದ್ದು ಈರಪ್ಪನಿಗೆ ನೆನಪಿರಲಿಲ್ಲ. ಊರ ಹೊರಗಿನವರು ಹೊಗಳಿದರೆ ಓಣಿಯವರಿಗೂ ತೊಟ್ಟಿಲಿನ ಬೆಲೆ ತಿಳಿದೀತು, ಸ್ಟೀಲಿನದು ಹಿಂದೆ ಸರಿದೀತು ಎಂದು ಅವನ ಲೆಕ್ಕ.

ಅಟ್ಟದಿಂದ ತೊಟ್ಟಿಲು ಇಳಿಸಿ ತನ್ನ ಪಡಸಾಲೆಯ ಜಂತಿಗೆ ಕಟ್ಟಿದ. ಗಂಟು ಹೇಗೆ, ಜೋತು ಬೀಳುವುದು ಹೇಗೆ, ಎಲ್ಲ ತೋರಿಸಿದ. ಗುಂಡಕಲ್ಲಿನ ವಿಷಯ ಬಾಯಲ್ಲಿ ಹೇಳಿದ, ಇಡಲಿಲ್ಲ. ಕೂಸೇ ಬರುವುದಿಲ್ಲ, ಕಲ್ಲು ಯಾಕೆ ಅಂದುಕೊಂಡ.

ರೋಹಿಣಿ ವಿಡಿಯೋ ತೆಗೆಯಲು ಕ್ಯಾಮೆರಾದಲ್ಲಿ ನೋಡಿದಳು. ಏನೋ ಕಡಿಮೆ ಅನ್ನಿಸಿತು.

"ಸುಮ್ನ ನಿಂತೈತಲ್ರಿ ಕಾಕಾ, ಗ್ವಾಡಿಗೆ ಹಾಕಿದ ಫೋಟೋ ಕಂಡಂಗ ಕಾಣ್ತೈತಿ. ಒಂದೀಟು ತೂಗ್ರಿ."

ಈರಪ್ಪ ಹಿತ್ತಲ ಬಾಗಿಲ ಕಡೆ ನೋಡಿದ. ಶಿವಗಂಗವ್ವ ಎಮ್ಮೆ ಹಿಂಡಲು ಹೋಗಿದ್ದಳು. ಬ್ಯಾಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಡುಗಿ ಬೆಳಗಿನಿಂದ ನಿಂತು ದುಡಿದಿದ್ದಳು. ಇಷ್ಟಕ್ಕೆ ಇಲ್ಲ ಅನ್ನುವುದು ಹೇಗೆ? ತೊಟ್ಟಿಲಿನ ಅಂಚಿಗೆ ಎರಡು ಬೆರಳಿಟ್ಟು ತಳ್ಳಿದ.

ತೊಟ್ಟಿಲು ಹೋಗಿ ತಿರುಗಿ ಬರುವಷ್ಟರಲ್ಲಿ ಒಂದು ಕೈ ಬಂದು ಅದನ್ನು ಹಿಡಿಯಿತು. ಮೆತ್ತಗೆ ಹಿಡಿಯಿತು, ಅಳುವ ಕೂಸಿನ ಬೆನ್ನ ಮೇಲೆ ಕೈ ಇಟ್ಟ ಹಾಗೆ. ಲಿಗಾಯಾಳ ಕೈ.

ಅವಳು ಇಂಗ್ಲಿಷಿನಲ್ಲಿ ಏನೋ ಅಂದಳು. ರೋಹಿಣಿ ಈರಪ್ಪನ ಕಡೆ ತಿರುಗಿದಳು.

"ಇವರ ಊರಾಗ ಕೂಸಿಲ್ಲದ ತೊಟ್ಟಿಲಾ ತೂಗೂದಿಲ್ಲಂತ ಕಾಕಾ. ಇವರಜ್ಜಿ ಕೈಮ್ಯಾಲೆ ಹೊಡೀತಿದ್ರಂತ. ನಿಮ್ಮಲ್ಲೇನರ ಹಂಗ ಐತೇನ್ರಿ? ಇದ್ರ ಹೇಳ್ರಿ, ಇದನ್ನ ಅಳಿಸಿಬಿಡೂಣು. ಖಾಲಿ ತೂಗಬಾರದಂತ ಬರಿಯೂಣು."

ಈರಪ್ಪನ ಕಿವಿ ಬಿಸಿಯಾಯಿತು. ಹೌದು ಎಂದರೆ, ಗೊತ್ತಿದ್ದೂ ಯಾಕೆ ತೂಗಿದಿರಿ ಎಂದು ಕೇಳುತ್ತಾರೆ. ಸಮುದ್ರದಾಚೆಯ ಹೆಣ್ಣುಮಗಳಿಗೆ ಇರುವ ಎಚ್ಚರ ತೊಟ್ಟಿಲು ಕಾಯುವವನಿಗೆ ಇಲ್ಲ ಎಂದಾಗುತ್ತದೆ. ಇಲ್ಲ ಎನ್ನುವುದು ಸುಲಭವಿತ್ತು.

"ಇಲ್ರಿ" ಎಂದ. "ಅಂಥಾವನ್ನೆಲ್ಲಾ ಈಗ ಯಾರು ನೋಡ್ತಾರ್ರಿ."

ಲಿಗಾಯಾ ಕೈ ತೆಗೆದಳು. ಈರಪ್ಪ ಮತ್ತೆ ತೂಗಿದ. ಈ ಸಲ ಚೆನ್ನಾಗಿ ಬಂತು ಎಂದಳು ರೋಹಿಣಿ.

ಆ ವಿಡಿಯೋ ಫೋನುಗಳಲ್ಲಿ ಓಡಾಡಿತು. ಜನ ಬಂದರು. ಮೊದಲು ಬಂದವರು ಒಳ್ಳೆಯವರು. ಚಪ್ಪಲಿ ಹೊರಗೆ ಬಿಟ್ಟರು, ಚಹಾ ಕುಡಿದರು, ಗಂಟು ಕಲಿಯಲು ನೋಡಿದರು. ಐತವಾರ ಐತವಾರ ರಜೆಗೆ ಬರುವವರಿದ್ದಾರೆ ಎಂದು ಈರಪ್ಪ ತೊಟ್ಟಿಲನ್ನು ಇಳಿಸಲೇ ಇಲ್ಲ.

"ಬಿಚ್ಚಿ ಬೋರಲ ಹಾಕು" ಎಂದಳು ಶಿವಗಂಗವ್ವ.

"ಈ ವಾರ ಒಂದು ಆಗಲಿ."

ಒಂದು ವಾರ ಇನ್ನೊಂದಾಯಿತು. ಬಂದವರೆಲ್ಲ ಒಂದು ಸಲ ತೊಟ್ಟಿಲು ತೂಗಿಯೇ ಹೋಗುವುದು ಶುರುವಾಯಿತು. ಒಬ್ಬ ತನ್ನ ನಾಯಿಮರಿಯನ್ನು ಒಳಗೆ ಕೂಡಿಸಿ ಫೋಟೋ ತೆಗೆಸಿಕೊಂಡ. ಈರಪ್ಪ ನೋಡುತ್ತ ನಿಂತ. ತಾನೇ ತೂಗಿದವನು ಇನ್ನೊಬ್ಬರಿಗೆ ಯಾವ ಬಾಯಿಂದ ಹೇಳುವುದು?

ಒಂದು ಐತವಾರ ಶಿವಗಂಗವ್ವನಿಗೆ ತಡೆಯಲಾಗಲಿಲ್ಲ. ಕಾರಿನಲ್ಲಿ ಬಂದ ಹೆಂಗಸೊಬ್ಬಳು ತೊಟ್ಟಿಲು ಜೋರಾಗಿ ತೂಗುತ್ತಿದ್ದಳು.

"ಯವ್ವಾ, ಖಾಲಿ ತೊಟ್ಟಿಲಾ ತೂಗಬಾರದು. ಬಿಡವಾ."

"ತೂಗಬಾರದೇನ್ರಿ?" ಹೆಂಗಸು ಗಾಬರಿಯಾಗಿ ಕೈ ತೆಗೆದಳು. "ಅಜ್ಜಾರು ತೂಗ್ಯಾರಲ್ರಿ, ವಿಡಿಯೋದಾಗ. ಅದಕ್ಕ..."

ಫೋನು ತೆಗೆದು ತೋರಿಸಿದಳು. ಶಿವಗಂಗವ್ವ ಕಣ್ಣು ಕಿರಿದು ಮಾಡಿ ನೋಡಿದಳು. ಅದರಲ್ಲಿ ಗಂಡನ ಎರಡು ಬೆರಳು. ಮೆಲ್ಲಗೆ ಹೋಗಿ ಬರುವ ಖಾಲಿ ತೊಟ್ಟಿಲು. ಅವಳು ಈರಪ್ಪನನ್ನು ನೋಡಿದಳು. ಅವನು ನೆಲ ನೋಡಿದ. ಅವಳು ಒಳಗೆ ಹೋದಳು. ಬಂದವರಿಗೆ ಅವತ್ತು ಚಹಾ ಬರಲಿಲ್ಲ.

ಅಂದೇ ಈರಪ್ಪ ತೊಟ್ಟಿಲು ಬಿಚ್ಚಿದ. ಆದರೆ ಓಣಿಯ ಫೋನುಗಳಲ್ಲಿ ಅದು ತೂಗುತ್ತಲೇ ಇತ್ತು.

ಆ ಮಳೆಗಾಲದಲ್ಲಿ ಹಲೀಮಾಬಿಯ ಮಗಳು ಸುಲ್ತಾನಾ ಯರಗುಪ್ಪಿಯಿಂದ ಹೆರಿಗೆಗೆ ತವರಿಗೆ ಬಂದಳು. ಗಂಡುಮಗು. ಎದುರುಮನೆಯಲ್ಲಿ ಸಕ್ಕರೆ ಹಂಚಿದರು. ಈರಪ್ಪ ಹಗ್ಗ ಬಿಸಿಲಿಗೆ ಹಾಕಿದ, ತೊಟ್ಟಿಲು ಒರೆಸಿದ, ಕರೆ ಬರುವುದನ್ನು ಕಾದ. ಬರಲಿಲ್ಲ. ಒಂದು ದಿನ ಟಂಟಂ ಗಾಡಿ ಬಂದು ಎದುರುಮನೆ ಮುಂದೆ ನಿಂತಿತು. ಜಾಕೀರ ಅದರಿಂದ ಸ್ಟೀಲಿನ ತೊಟ್ಟಿಲು ಇಳಿಸಿದ.

ಈರಪ್ಪ ಹೋಗಿ ಅವರ ಕಟ್ಟೆಯ ಮೇಲೆ ಕೂತ. ಮಹಬೂಬಸಾಬರು ಮಳೆಯ ಮಾತಾಡಿದರು, ಸೋಯಾಬೀನಿನ ಮಾತಾಡಿದರು.

"ಮಾಮೂ, ತೊಟ್ಟಿಲಾ ಅಟ್ಟದ ಮ್ಯಾಲ ಐತಿ" ಎಂದ ಈರಪ್ಪ.

"ಗೊತ್ತೈತೋ ತಮ್ಮಾ. ಹುಡುಗೂರು ಕೇಳೂದಿಲ್ಲ ಈಗ. ಹೊಸಾದ ಬೇಕಂತಾರ."

ಒಳಗಿನಿಂದ ಹಲೀಮಾಬಿ ಬಂದಳು. "ಸುಳ್ಳ ಯಾಕ ಹೇಳ್ತೀರಿ ನೀವು? ನಾನ ಬ್ಯಾಡಂದೆ, ಈರಣ್ಣಾ. ನಾನು ಫೋನಿನ್ಯಾಗ ನೋಡೀನಿ. ಬಂದವರು ತೂಗಿದ್ರ ಅವರಿಗೆ ತಿಳೀದು ಅಂತಿದ್ದೆ. ನೀ ತೂಗೀದಿ. ನಿನ್ನ ಕೈಲೆ."

ಅವಳ ದನಿಯಲ್ಲಿ ಸಿಟ್ಟಿದ್ದರೆ ಈರಪ್ಪನಿಗೆ ಹಗುರವಾಗುತ್ತಿತ್ತು. ಇರಲಿಲ್ಲ.

"ನನ್ನ ಮಕ್ಕಳೆಲ್ಲಾ ಅದರಾಗ ಬೆಳದಾವ. ನಂದೇನು ಹೊಟ್ಟಿ ತಣ್ಣಗೈತೇನು? ಆದ್ರ ಕೂಸಿನ ಮಾತು ಬಂದ್ರ ಯಾರು ಧೈರ್ಯಾ ಮಾಡ್ತಾರ ಹೇಳು."

ಅವನು ಎದ್ದು ಬಂದ.

ಇನ್ನು ಉಳಿದದ್ದು ಅವನ ಮನೆಯದೇ ಕೂಸು. ಮಗ ಸುಭಾಸನ ಹೆಂಡತಿ ಅಮೃತಾ ತವರಲ್ಲಿ ಹೆತ್ತಿದ್ದಳು. ಹೆಣ್ಣುಮಗು. ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಬರುವ ದಿನ ಗೊತ್ತಾಯಿತು. ನಮ್ಮ ಮೊಮ್ಮಗಳು ಒಬ್ಬಳು ಅದರಲ್ಲಿ ಮಲಗಿ ನಕ್ಕರೆ ಓಣಿಯವರ ಅಂಜಿಕೆ ಹೋದೀತು ಎಂದು ಈರಪ್ಪ ಒಳಗೊಳಗೇ ಆಸೆ ಇಟ್ಟುಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ. ಆ ದಿನ ಬೆಳಿಗ್ಗೆ ತೊಟ್ಟಿಲು ಇಳಿಸಿ ಪಡಸಾಲೆಯಲ್ಲಿ ಬೋರಲು ಇಟ್ಟ. ಹಗ್ಗ ತಂದ. ಗುಂಡಕಲ್ಲನ್ನೂ ತೊಳೆದು ತಂದ.

ಅಮೃತಾ ಕೂಸನ್ನು ಎತ್ತಿಕೊಂಡು ಒಳಗೆ ಬಂದಳು. ತೊಟ್ಟಿಲು ನೋಡಿದಳು. ಅವಳಿಗೂ ಎಲ್ಲ ತಿಳಿದಿತ್ತು.

"ನನಗೇನಿಲ್ಲ ಮಾವಾರ. ಅತ್ತಿಯವರು ಹೂಂ ಅಂದ್ರ ಹಾಕ್ತೇನಿ."

ಎಲ್ಲರೂ ಶಿವಗಂಗವ್ವನ ಕಡೆ ನೋಡಿದರು. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು.

"ನನ್ನ ಕೇಳಬ್ಯಾಡ್ರಿ. ತೊಟ್ಟಿಲಾ ಕಾಯೋರು ಇವರು." ಗಂಡನ ಕಡೆ ತಿರುಗಿದಳು. "ನೀ ಹೇಳು. ನಿನ್ನ ಬಾಯಿಲೆ ಹೇಳು. ಏನೂ ಆಗಂಗಿಲ್ಲ, ಹಾಕು ಅನ್ನು. ನಾ ಈಗಿಂದೀಗ ಹಾಕ್ತೇನಿ."

ಕೂಸು ನಿದ್ದೆಯಲ್ಲಿ ತುಟಿ ಚೀಪುತ್ತಿತ್ತು. ಈರಪ್ಪ ಅದನ್ನು ನೋಡಿದ, ತೊಟ್ಟಿಲು ನೋಡಿದ. ಅಂಥಾವನ್ನೆಲ್ಲಾ ಈಗ ಯಾರು ನೋಡ್ತಾರ್ರಿ ಎಂದು ಕ್ಯಾಮೆರಾದ ಮುಂದೆ ಹೇಳಿದ ಬಾಯಿ ಅದೇ. ಈಗ ಅದೇ ಮಾತನ್ನು ಮೊಮ್ಮಗಳ ಮುಂದೆ ಹೇಳಬೇಕಿತ್ತು. ಬರಲಿಲ್ಲ.

"ನಿನ್ನ ಹಳೇ ಸೀರಿ ಒಂದು ಕೊಡು" ಎಂದ.

ಶಿವಗಂಗವ್ವ ಒಳಗಿನಿಂದ ಮೆತ್ತಗಾದ ಇಳಕಲ್ ಸೀರೆ ತಂದಳು. ಅವಳ ಕಣ್ಣು ತುಂಬಿತ್ತು. ಈರಪ್ಪ ಸೀರೆಯನ್ನು ಜಂತಿಗೆ ಹಾಕಿ ಗಂಟು ಬಿಗಿದ. ಜೋತುಬಿದ್ದು ನೋಡಿದ. ಅವನು ಕಟ್ಟಿದ ಗಂಟು ಯಾವತ್ತೂ ಜಾರಿದ್ದಿಲ್ಲ, ಇದೂ ಜಾರಲಿಲ್ಲ. ಮೊಮ್ಮಗಳು ಜೋಳಿಗೆಯಲ್ಲಿ ಮಲಗಿದಳು. ಬಾಜುವಿನಲ್ಲೇ ಗಿಳಿ, ಬಳ್ಳಿ, ಆನೆಯ ತೊಟ್ಟಿಲು ಬೋರಲು ಬಿದ್ದಿತ್ತು.

ಮರುದಿನ ಅವನು ಸುಭಾಸನ ಫೋನಿನಿಂದ ರೋಹಿಣಿಗೆ ಮಾತಾಡಿದ.

"ಐತ್ರಿ" ಎಂದ.

"ಏನ್ ಐತ್ರಿ ಕಾಕಾ?"

"ಆ ಸಮುದ್ರದಾಚೀ ಅಕ್ಕಾರು ಕೇಳಿದ್ರಲ್ಲ, ಖಾಲಿ ತೂಗೂದರ ಬಗ್ಗೆ. ನಮ್ಮಲ್ಲೂ ಐತ್ರಿ. ನಾ ಇಲ್ಲಂದೆ. ಆ ವಿಡಿಯೋ ತಗದಹಾಕ್ರಿ. ಐತಿ ಅಂತ ಬರೀರಿ."

ರೋಹಿಣಿ ಅವನು ಹೇಳಿದ್ದನ್ನು ಬರೆದುಕೊಂಡಳು. ಆಮೇಲೆ ತಾನೇ ಬಸ್ಸು ಹತ್ತಿ ಬಂದಳು. ಹಳೆಯ ವಿಡಿಯೋ ತೆಗೆದುಹಾಕಿದ್ದಳು. ತಾನು ತೂಗ್ರಿ ಎಂದು ಹೇಳಬಾರದಿತ್ತು ಎಂದು ಅತ್ತಳು. ಶಿವಗಂಗವ್ವ ಅವಳಿಗೆ ರೊಟ್ಟಿ ಹಾಕಿದಳು. ಲಿಗಾಯಾ ತನ್ನ ಊರಿನ ಮುದುಕಿಯರನ್ನೆಲ್ಲ ಕೇಳಿ ಹೇಳಿ ಕಳಿಸಿದ್ದಳಂತೆ. ಖಾಲಿ ತೂಗಿದ ಮೇಲೆ ಏನು ಮಾಡಬೇಕು ಎನ್ನುವುದು ಅಲ್ಲಿಯೂ ಯಾರಿಗೂ ಗೊತ್ತಿಲ್ಲ.

ಈಗ ತೊಟ್ಟಿಲು ಈರಪ್ಪನ ಪಡಸಾಲೆಯಲ್ಲಿ ಕಟ್ಟಿದೆ. ಒಳಗೆ ಕುಂಚಿಗೆ ಹಾಕಿದ ಗುಂಡಕಲ್ಲು ಮಲಗಿದೆ. ಇನ್ನು ಅದು ಒಂದು ಗಳಿಗೆಯೂ ಖಾಲಿ ಇರಬಾರದು ಎಂದು ಅವನೇ ಇಟ್ಟಿದ್ದಾನೆ. ಶಿವಗಂಗವ್ವ ಖಾರ ಅರೆಯಲು ಬೇರೆ ಕಲ್ಲು ತರಿಸಿಕೊಂಡಳು.

ಹಲೀಮಾಬಿ ಒಮ್ಮೆ ಬಂದು ನೋಡಿದಳು. "ಕಲ್ಲಿಗೆ ಜೋಗುಳಾ ಹಾಡ್ತೀಯೇನೋ ಈರಣ್ಣಾ?" ಎಂದಳು. ಅವನು ನಗಲಿಲ್ಲ. ಅವಳು ಕಲ್ಲಿನ ಮೇಲಿಂದ ಜಾರಿದ್ದ ಕುಂಚಿಗೆಯನ್ನು ಸರಿ ಮಾಡಿ ಹೋದಳು.

ಇವನನ್ನು ನೀವು ಒಮ್ಮೆ ನೋಡಬೇಕು. ಕಲಘಟಗಿಯಿಂದ ಬಮ್ಮಿಗಟ್ಟಿಗೆ ಬಸ್ಸಿದೆ. ಕೆಳಗಿನ ಓಣಿಯಲ್ಲಿ ತೊಟ್ಟಿಲ ಈರಪ್ಪನ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಚಪ್ಪಲಿ ಹೊರಗೆ ಬಿಡಿ. ಉಣ್ಣುವ ಹೊತ್ತಾಗಿದ್ದರೆ ಉಂಡೇ ಬನ್ನಿ. ಗಂಟು ಹೇಗೆ ಕಟ್ಟುತ್ತಾರೆ ಎಂದು ಕೇಳಿ, ಅವನಿಗೆ ಮಾತು ಬರುತ್ತದೆ. ಫೋನು ಚೀಲದಲ್ಲೇ ಇರಲಿ. ತೊಟ್ಟಿಲಿಗೆ ಕೈ ಹಾಕಬೇಡಿ. ಮತ್ತು ನಿಮ್ಮ ಮನೆಯಲ್ಲಿ ಎಳೆಗೂಸು ಇದ್ದರೆ ಅದನ್ನೂ ಎತ್ತಿಕೊಂಡು ಹೋಗಿ. ಇಲ್ಲಿ ಹಾಕಿ ಎಂದು ಅವನು ಎಂದೂ ಕೇಳುವುದಿಲ್ಲ. ಕೂಸನ್ನು ಒಮ್ಮೆ ನೋಡುತ್ತಾನೆ, ಆಮೇಲೆ ಕಲ್ಲನ್ನು ನೋಡುತ್ತಾನೆ. ಮುಂದಿನದು ನಿಮ್ಮ ಧೈರ್ಯ. ಹಾಕದಿದ್ದರೂ ಅವನಿಗೆ ಬೇಸರವಿಲ್ಲ. ಹೋಗಿ ಬನ್ನಿ, ಅಷ್ಟೇ.